ಸಿಕ್ಕಿಬಿದ್ದವನ ಕಾಂಟ್ರಾಕ್ಟ್ ಹರಿದು ಬಿಸಾಡಬಾರದೇ?

ಅಮೆರಿಕದ ಬೇಸ್‌ಬಾಲ್ ಬಗ್ಗೆ ಬರೆಯುವವರಿಗೆ ತಪ್ಪದೆ ಎದುರಾಗುವ ಪ್ರಶ್ನೆ ಇದು: "ಕೋಟಿಗಟ್ಟಲೆ ಡಾಲರ್ ಎಣಿಸಿಕೊಂಡವನು ಉದ್ದೀಪನ ಮದ್ದು ತೆಗೆದುಕೊಂಡು ಸಿಕ್ಕಿಬಿದ್ದ. ತಂಡ ಅವನ ಕಾಂಟ್ರಾಕ್ಟ್ ರದ್ದು ಮಾಡಿ ಮನೆಗೆ ಕಳಿಸಬಾರದೇ? ಅರ್ಧ ಸೀಸನ್ ಕೂರಿಸಿ ಮತ್ತೆ ಕರೆದುಕೊಳ್ಳುತ್ತಾರೆ, ಊರಿನ ಜನ ಎದ್ದು ನಿಂತು ಚಪ್ಪಾಳೆಯನ್ನೂ ತಟ್ಟುತ್ತಾರೆ. ಇದೆಂಥ ನ್ಯಾಯ?"

ಚುಟುಕಾಗಿ ಹೇಳುವುದಾದರೆ, ರದ್ದು ಮಾಡುವ ಅಧಿಕಾರ ತಂಡಕ್ಕೆ ಇಲ್ಲ. ಇರಲೂಬಾರದು ಎಂದೇ ನಾನು ನಂಬಿದ್ದೇನೆ. ಇನ್ನು ಅಭಿಮಾನಿಗಳ ಸಿಟ್ಟು, ಸಮಾಧಾನ, ಚಪ್ಪಾಳೆ. ಇವು ಅವನು ಯಾವ ಮದ್ದು ತೆಗೆದುಕೊಂಡ ಎನ್ನುವುದಕ್ಕಿಂತ ಕಾಂಟ್ರಾಕ್ಟಿನ ಎಷ್ಟನೇ ವರ್ಷದಲ್ಲಿ ಸಿಕ್ಕಿಬಿದ್ದ ಎನ್ನುವುದರ ಮೇಲೆ ನಿಂತಿರುತ್ತವೆ.

ಮೊದಲು ನಿಯಮ ನೋಡೋಣ. ನಮ್ಮ ಕ್ರಿಕೆಟಿಗರನ್ನು 2019ರ ಆಗಸ್ಟ್‌ನಿಂದ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ ನಾಡಾ ಪರೀಕ್ಷಿಸುತ್ತಿದೆ. ಅದರ ಹಿಂದೆ ಇರುವುದು ವಿಶ್ವ ಸಂಸ್ಥೆಯಾದ ವಾಡಾದ ಜಾಗತಿಕ ಸಂಹಿತೆ. ಅಲ್ಲಿ ಸ್ಟೆರಾಯ್ಡ್ ತೆಗೆದುಕೊಂಡು ಸಿಕ್ಕಿಬಿದ್ದರೆ ಮೊದಲ ಸಲವೇ 4 ವರ್ಷದವರೆಗೆ ಆಟದಿಂದ ಹೊರಗೆ. ಅಮೆರಿಕದ ಅತಿ ದೊಡ್ಡ ವೃತ್ತಿಪರ ಲೀಗ್ ಆದ ಮೇಜರ್ ಲೀಗ್ ಬೇಸ್‌ಬಾಲ್ ಆ ಸಂಹಿತೆಯ ಕೆಳಗೆ ಬರುವುದಿಲ್ಲ. ಅಲ್ಲಿರುವುದು ತಂಡದ ಮಾಲೀಕರೂ ಆಟಗಾರರ ಸಂಘವೂ ಕೂತು ಮಾತಾಡಿ ಸಹಿ ಹಾಕಿದ ಜಂಟಿ ಒಪ್ಪಂದ. 2014ರಿಂದ ಅದರ ದರ ಹೀಗಿದೆ: ಮೊದಲ ಸಲಕ್ಕೆ 80 ಪಂದ್ಯ, ಎರಡನೆಯ ಸಲಕ್ಕೆ 162 ಪಂದ್ಯ ಅಂದರೆ ಒಂದು ಪೂರ್ತಿ ಸೀಸನ್, ಮೂರನೆಯ ಸಲಕ್ಕೆ ಶಾಶ್ವತವಾಗಿ ಹೊರಗೆ. ಸಿಕ್ಕಿಬಿದ್ದ ವರ್ಷ ಪ್ಲೇಆಫ್ ಪಂದ್ಯಗಳನ್ನೂ, ಅಂದರೆ ಸೀಸನ್ ಕೊನೆಗೆ ಪ್ರಶಸ್ತಿಗಾಗಿ ನಡೆಯುವ ಪಂದ್ಯಗಳನ್ನೂ, ಆಡುವಂತಿಲ್ಲ. ಅಮಾನತಿನ ದಿನಗಳಿಗೆ ಸಂಬಳವಿಲ್ಲ.

ಇದೇ ಒಪ್ಪಂದದಲ್ಲಿ ಅಭಿಮಾನಿಗಳ ಕಣ್ಣಿಗೆ ಬೀಳದ ಇನ್ನೊಂದು ಮಾತಿದೆ. ಶಿಕ್ಷೆ ಕೊಡುವ ಹಕ್ಕು ಲೀಗಿನ ಮುಖ್ಯಸ್ಥರಾದ ಕಮಿಷನರ್ ಕಚೇರಿಗೆ ಮಾತ್ರ. ಮದ್ದಿನ ಕಾರಣಕ್ಕೆ ತಂಡ ತನ್ನ ಆಟಗಾರನಿಗೆ ದಂಡ ಹಾಕುವಂತಿಲ್ಲ, ಬೇರೆ ಅಮಾನತು ಮಾಡುವಂತಿಲ್ಲ, ಕಾಂಟ್ರಾಕ್ಟಿನ ಯಾವ ಕಲಮನ್ನೂ ಅವನ ಮೇಲೆ ಎತ್ತುವಂತಿಲ್ಲ. ಎಲ್ಲ ಆಟಗಾರರೂ ಸಹಿ ಹಾಕುವ ಮಾದರಿ ಕಾಂಟ್ರಾಕ್ಟಿನಲ್ಲಿ "ದೇಹಸ್ಥಿತಿ ಚೆನ್ನಾಗಿಟ್ಟುಕೊಳ್ಳದಿದ್ದರೆ, ಒಳ್ಳೆಯ ನಡತೆ ತೋರದಿದ್ದರೆ ತಂಡ ಒಪ್ಪಂದ ಮುಗಿಸಬಹುದು" ಎಂಬರ್ಥದ ಕಲಮು ಇರುವುದು ನಿಜ. ಅದನ್ನೇ ತೋರಿಸಿ "ನೋಡಿ, ದಾರಿ ಇದೆ" ಎನ್ನುವವರು ಬಹಳ. ಆದರೆ ಮದ್ದಿನ ವಿಷಯದಲ್ಲಿ ಆ ದಾರಿಯನ್ನು ಜಂಟಿ ಒಪ್ಪಂದ ಮುಚ್ಚಿಬಿಟ್ಟಿದೆ. 2004ರ ಡಿಸೆಂಬರ್‌ನಲ್ಲಿ ಆಟಗಾರ ಜೇಸನ್ ಜಿಯಾಂಬಿ ಗ್ರ್ಯಾಂಡ್ ಜ್ಯೂರಿ (ಮೊಕದ್ದಮೆ ಹೂಡಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ) ಮುಂದೆ ಸ್ಟೆರಾಯ್ಡ್ ಬಗ್ಗೆ ಒಪ್ಪಿಕೊಂಡ ಹೇಳಿಕೆ ಪತ್ರಿಕೆಯಲ್ಲಿ ಬಂದಾಗ ಅವನ ತಂಡ ನ್ಯೂಯಾರ್ಕ್ ಯಾಂಕೀಸ್ ಅವನ 12 ಕೋಟಿ ಡಾಲರಿನ ಕಾಂಟ್ರಾಕ್ಟಿನಿಂದ ಕಳಚಿಕೊಳ್ಳಲು ದಾರಿ ಹುಡುಕಿತು, ಸಿಗಲಿಲ್ಲ. ಇನ್ನೂ 4 ವರ್ಷ ಬಾಕಿ ಇತ್ತು. 2005ರ ಆರಂಭದಲ್ಲಿ ಹೋದಲ್ಲೆಲ್ಲ ಬೈಸಿಕೊಂಡ ಅದೇ ಜಿಯಾಂಬಿ ಆ ಸೀಸನ್ ಮುಗಿಯುವಾಗ 32 ಹೋಂ ರನ್ (ಕ್ರಿಕೆಟ್ಟಿನ ಸಿಕ್ಸರ್‌ನಂಥ ಹೊಡೆತ) ಹೊಡೆದು, ಚೇತರಿಸಿಕೊಂಡು ಬಂದ ಆಟಗಾರನಿಗೆ ಕೊಡುವ ಪ್ರಶಸ್ತಿ ಗೆದ್ದಿದ್ದ.

ದುಡ್ಡಿನ ಲೆಕ್ಕ ಅರ್ಥವಾಗಬೇಕಾದರೆ ಅಲೆಕ್ಸ್ ರಾಡ್ರಿಗೆಸ್ ಪ್ರಕರಣವನ್ನು ಬಿಡಿಸಿ ನೋಡಬೇಕು. 2007ರ ಡಿಸೆಂಬರ್‌ನಲ್ಲಿ, 32ನೇ ವಯಸ್ಸಿನಲ್ಲಿ, ಯಾಂಕೀಸ್ ಜೊತೆ 10 ವರ್ಷಕ್ಕೆ 27.5 ಕೋಟಿ ಡಾಲರಿನ ಕಾಂಟ್ರಾಕ್ಟ್ ಆಯಿತು. ಅದಲ್ಲದೆ ವಿಲ್ಲಿ ಮೇಸ್, ಬೇಬ್ ರೂತ್, ಹ್ಯಾಂಕ್ ಆರನ್, ಬ್ಯಾರಿ ಬಾಂಡ್ಸ್ ಈ ಹಿಂದಿನ ದಿಗ್ಗಜರ ಹೋಂ ರನ್ ಸಂಖ್ಯೆಗಳನ್ನು ಮುಟ್ಟಿದಾಗಲೆಲ್ಲ, ಕೊನೆಗೆ ಬಾಂಡ್ಸ್ ದಾಖಲೆ ಮುರಿದಾಗ, ತಲಾ 60 ಲಕ್ಷ ಡಾಲರ್ ಬೋನಸ್. 2013ರ ಆಗಸ್ಟ್ 5ರಂದು, ಆಟಗಾರರಿಗೆ ಮದ್ದು ಒದಗಿಸುತ್ತಿದ್ದ ಮಯಾಮಿ ಹತ್ತಿರದ ಬಯೋಜೆನೆಸಿಸ್ ಕ್ಲಿನಿಕ್ ಹಗರಣದಲ್ಲಿ, ಅವನಿಗೆ 211 ಪಂದ್ಯಗಳ ಶಿಕ್ಷೆ ಬಿತ್ತು. ಅದೇ ದಿನ ಬೇರೆ 12 ಮಂದಿ ತಲಾ 50 ಪಂದ್ಯ ಒಪ್ಪಿಕೊಂಡರು. ಅವನೊಬ್ಬ ಮೇಲ್ಮನವಿ ಹಾಕಿದ, ತೀರ್ಪು ಬರುವವರೆಗೆ ಆಡುತ್ತಲೇ ಇದ್ದ. 2014ರ ಜನವರಿಯಲ್ಲಿ ಮಧ್ಯಸ್ಥಗಾರ ಶಿಕ್ಷೆಯನ್ನು 162 ಪಂದ್ಯಕ್ಕೂ ಆ ವರ್ಷದ ಪ್ಲೇಆಫ್‌ಗೂ ಇಳಿಸಿದರು.

ಆಗ ಆದ ಲೆಕ್ಕ ಹೀಗೆ. 2014ರ ಸಂಬಳ 2.5 ಕೋಟಿ. ಸೀಸನ್‌ನಲ್ಲಿ ಪಂದ್ಯಗಳು 162, ಆದರೆ ಸಂಬಳ ಲೆಕ್ಕ ಹಾಕುವುದು 183 ದಿನಕ್ಕೆ. ಕಡಿತವಾದದ್ದು 183ರಲ್ಲಿ 162 ಪಾಲು, ಅಂದರೆ ಸುಮಾರು 2.21 ಕೋಟಿ. ಪೂರ್ತಿ ಸೀಸನ್ ಹೊರಗಿದ್ದವನಿಗೂ 28 ಲಕ್ಷ ಡಾಲರಿಗಿಂತ ಹೆಚ್ಚು ಸಂದಿತು. ಈ ಸಂದನ್ನು ಮುಚ್ಚುವುದಕ್ಕೇ 2014ರ ಮಾರ್ಚ್‌ನಲ್ಲಿ ನಿಯಮ ತಿದ್ದಿ, ಎರಡನೆಯ ಸಲ ಸಿಕ್ಕಿಬಿದ್ದವನಿಗೆ 162 ಪಂದ್ಯದ ಜೊತೆ 183 ದಿನಗಳ ಸಂಬಳವೂ ಇಲ್ಲ ಎಂದು ಬರೆದರು. ಕಡಿತವಾದ 2.21 ಕೋಟಿ ಎಲ್ಲಿಗೆ ಹೋಯಿತು? ಎಲ್ಲಿಗೂ ಇಲ್ಲ, ಯಾಂಕೀಸ್ ಹತ್ತಿರವೇ ಉಳಿಯಿತು. ಸಾಲದ್ದಕ್ಕೆ, ಅಮಾನತಿನ ಪಾಲು ಸಂಬಳವನ್ನು ತಂಡದ ಐಷಾರಾಮಿ ತೆರಿಗೆಯ (ಸಂಬಳದ ಒಟ್ಟು ಮೊತ್ತ ಮಿತಿ ಮೀರಿದರೆ ತಂಡ ಲೀಗಿಗೆ ಕಟ್ಟಬೇಕಾದದ್ದು) ಲೆಕ್ಕಕ್ಕೂ ಹಿಡಿಯುವುದಿಲ್ಲ.

ಬೈಗುಳದ ವಿಷಯಕ್ಕೆ ಬಂದರೆ, ಆ ತೀರ್ಪಿಗೆ ಮೊದಲು, 2013ರ ಆಗಸ್ಟ್ 18ರ ರಾತ್ರಿ ಬಾಸ್ಟನ್‌ನ ಫೆನ್‌ವೇ ಪಾರ್ಕ್‌ನಲ್ಲಿ ಆದದ್ದನ್ನು ಮರೆಯಬಾರದು. ಎರಡನೆಯ ಇನಿಂಗ್ಸ್‌ನಲ್ಲಿ ರಾಡ್ರಿಗೆಸ್ ಬ್ಯಾಟ್ ಹಿಡಿದು ನಿಂತ. ಬಾಸ್ಟನ್ ತಂಡದ ಪಿಚ್ಚರ್ (ಚೆಂಡು ಎಸೆಯುವವನು) ರಯಾನ್ ಡೆಂಪ್‌ಸ್ಟರ್ ಎಸೆದ ಮೊದಲ ಚೆಂಡು ಅವನ ಕಾಲಿನ ಹಿಂದಿನಿಂದ ಹಾದುಹೋಯಿತು. ಮುಂದಿನ ಎರಡು ಮೈಗೆ ಒತ್ತಿಕೊಂಡೇ ಬಂದವು. ನಾಲ್ಕನೆಯದು ಮೊಣಕೈಗೆ ಬಿತ್ತು. ಸ್ಟೇಡಿಯಂ ಹುಚ್ಚೆದ್ದು ಕೂಗಿತು. ಅಂಪೈರ್ ಡೆಂಪ್‌ಸ್ಟರ್‌ನನ್ನು ಹೊರಗೆ ಹಾಕದೆ ಎರಡೂ ತಂಡಕ್ಕೆ ಎಚ್ಚರಿಕೆ ಕೊಟ್ಟರು. ಯಾಂಕೀಸ್ ಮ್ಯಾನೇಜರ್ ಜೋ ಜಿರಾರ್ಡಿ ಕೆರಳಿ ಮೈದಾನಕ್ಕೆ ನುಗ್ಗಿದಾಗ ಹೊರಗೆ ಹೋಗಬೇಕಾದದ್ದು ಅವರೇ. ಆರನೆಯ ಇನಿಂಗ್ಸ್‌ನಲ್ಲಿ ರಾಡ್ರಿಗೆಸ್ ಅದೇ ಡೆಂಪ್‌ಸ್ಟರ್‌ಗೆ ಹೋಂ ರನ್ ಹೊಡೆದ, ಯಾಂಕೀಸ್ 9-6ರಿಂದ ಗೆದ್ದಿತು. ಡೆಂಪ್‌ಸ್ಟರ್‌ಗೆ ಆಮೇಲೆ ಸಿಕ್ಕಿದ್ದು 5 ಪಂದ್ಯಗಳ ಅಮಾನತು. ಐದು ದಿನಕ್ಕೊಮ್ಮೆ ಮಾತ್ರ ಎಸೆಯುವ ಪಿಚ್ಚರ್‌ಗೆ ಅದು ಶಿಕ್ಷೆಯೇ ಅಲ್ಲ. ತಪ್ಪಿಗೆ ಶಿಕ್ಷೆ ಕೊಡಲು ಒಂದು ವ್ಯವಸ್ಥೆ ಇರುವಾಗ, ಗಂಟೆಗೆ 90 ಮೈಲಿ ವೇಗದ ಚೆಂಡಿನಿಂದ ಮೈಗೆ ಹೊಡೆಯುವುದನ್ನು ನ್ಯಾಯ ಎಂದು ಕೊಂಡಾಡಿದ ಆ ಗದ್ದಲ ನನಗೆ ಇವತ್ತಿಗೂ ಹೇಸಿಗೆ ತರುತ್ತದೆ.

ಈಗ ಕಾಂಟ್ರಾಕ್ಟಿನ ವರ್ಷದ ಮಾತು. ದೀರ್ಘ ಕಾಂಟ್ರಾಕ್ಟುಗಳಲ್ಲಿ ಆಟಗಾರ ಮೊದಲ ವರ್ಷಗಳಲ್ಲಿ ಸಂಬಳಕ್ಕಿಂತ ಹೆಚ್ಚು ಆಡಿ ಕೊಡುತ್ತಾನೆ, ಕೊನೆಯ ವರ್ಷಗಳಲ್ಲಿ ಸಂಬಳ ಆಟವನ್ನು ಮೀರಿರುತ್ತದೆ. ಇದು ಎರಡೂ ಕಡೆಯವರಿಗೆ ಸಹಿ ಹಾಕುವಾಗಲೇ ಗೊತ್ತು. ಅಮಾನತು ಯಾವ ತುದಿಗೆ ಬಿತ್ತು ಎನ್ನುವುದೇ ಅಭಿಮಾನಿಯ ಮನಸ್ಸನ್ನು ತೀರ್ಮಾನಿಸುತ್ತದೆ.

ರಾಬಿನ್ಸನ್ ಕಾನೋ ಎರಡನ್ನೂ ತೋರಿಸಿದ. 2013ರ ಡಿಸೆಂಬರ್‌ನಲ್ಲಿ ಸಿಯಾಟಲ್ ಮರೀನರ್ಸ್ ಜೊತೆ 10 ವರ್ಷಕ್ಕೆ 24 ಕೋಟಿ ಡಾಲರ್. 2018ರ ಮೇ 15ರಂದು 80 ಪಂದ್ಯಗಳ ಅಮಾನತು. ಸಿಕ್ಕಿದ್ದು ಫ್ಯೂರೋಸೆಮೈಡ್, ಮೂತ್ರ ಹೆಚ್ಚಿಸುವ ಔಷಧ. ಇದರಿಂದ ಚೆಂಡು ದೂರ ಹೋಗುವುದಿಲ್ಲ. ಆದರೆ ಬೇರೆ ಮದ್ದಿನ ಗುರುತು ಮರೆಮಾಚಲು ಬಳಸಬಹುದು. ಬೇಸ್‌ಬಾಲ್ ನಿಯಮದಲ್ಲಿ ಇಂಥ ಔಷಧ ಪತ್ತೆಯಾದ ಮಾತ್ರಕ್ಕೆ ನೇರ ಶಿಕ್ಷೆಯಿಲ್ಲ, ಮರೆಮಾಚುವ ಉದ್ದೇಶ ಇತ್ತೆಂದು ತೋರಿಸಬೇಕು. ಡೊಮಿನಿಕನ್ ರಿಪಬ್ಲಿಕ್‌ನ ವೈದ್ಯರೊಬ್ಬರು ಕಾಯಿಲೆಗೆಂದು ಕೊಟ್ಟರು ಎಂದ ಕಾನೋ, ಕೊನೆಗೆ ಮೇಲ್ಮನವಿ ಬಿಟ್ಟು ಶಿಕ್ಷೆ ಒಪ್ಪಿಕೊಂಡ. ಸಿಯಾಟಲ್ ಅಭಿಮಾನಿಗಳನ್ನು ಕೆರಳಿಸಿದ್ದು ಇನ್ನೊಂದು: ಎರಡು ದಿನ ಮೊದಲಷ್ಟೇ ಚೆಂಡು ಬಡಿದು ಅವನ ಕೈಯ ಮೂಳೆ ಮುರಿದಿತ್ತು. ಹೇಗೂ ಆಡಲಾಗದ ವಾರಗಳೂ ಶಿಕ್ಷೆಯ ಲೆಕ್ಕಕ್ಕೆ ಜಮಾ ಆದವು. ನಿಯಮ ಅದನ್ನು ಬಿಡುತ್ತದೆ. ಗಾಯಾಳುವಿನ ದಿನಗಳನ್ನು ಬೇರೆ ಎಣಿಸುವುದಿಲ್ಲ. ಆದರೂ ಸುಮಾರು 1.2 ಕೋಟಿ ಡಾಲರ್ ಸಂಬಳ ಹೋಯಿತು. ಗಾಯವೊಂದೇ ಆಗಿದ್ದರೆ ಆ ದುಡ್ಡು ಪೂರ್ತಿ ಅವನ ಕೈಸೇರುತ್ತಿತ್ತು. ಇದನ್ನು ಸಿಟ್ಟಿನಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಆ ವರ್ಷದ ಕೊನೆಗೆ ಸಿಯಾಟಲ್ ಅವನನ್ನು ನ್ಯೂಯಾರ್ಕ್ ಮೆಟ್ಸ್‌ಗೆ ದಾಟಿಸಿತು, ಸಂಬಳದ ಭಾರ ಹಂಚಿಕೊಳ್ಳಲು ಕೈಯಿಂದ 2 ಕೋಟಿ ಡಾಲರ್ ಕೊಟ್ಟು. 2020ರ ನವೆಂಬರ್ 18ರಂದು ಎರಡನೆಯ ಅಮಾನತು: ಸ್ಟನೋಜೊಲಾಲ್, ಹಳೆಯ ಕಾಲದ ಅಪ್ಪಟ ಸ್ಟೆರಾಯ್ಡ್. 2021ರ 2.4 ಕೋಟಿ ಪೂರ್ತಿ ಹೋಯಿತು. ಆಗ ಮೆಟ್ಸ್ ಅಭಿಮಾನಿಗಳಲ್ಲಿ ಬಹಳ ಮಂದಿ ಸಿಟ್ಟಾಗುವ ಬದಲು ನಿಟ್ಟುಸಿರು ಬಿಟ್ಟರು. ಬಹಿರಂಗವಾಗಿ ಸಂಭ್ರಮಿಸಿದವರೂ ಇದ್ದರು. ಅವನಿಗೆ 38 ವಯಸ್ಸು, ಸಿಯಾಟಲ್ ಪಾಲು ಕಳೆದರೂ ಮೆಟ್ಸ್ ಮೇಲೆ ವರ್ಷಕ್ಕೆ 2 ಕೋಟಿಗೂ ಮಿಕ್ಕ ಹೊರೆ. ಆಗಷ್ಟೇ ಹೊಸ ಮಾಲೀಕ ಸ್ಟೀವ್ ಕೋಹೆನ್ ಬಂದಿದ್ದರು, ಆ ದುಡ್ಡಿನಲ್ಲಿ ಯಾರನ್ನು ತರಬಹುದು ಎಂದು ಜನ ಪಟ್ಟಿ ಹಾಕತೊಡಗಿದರು. ಸ್ವಂತ ತಂಡದ ಆಟಗಾರ ಸಿಕ್ಕಿಬಿದ್ದದ್ದು ಶುಭಸುದ್ದಿ ಆಗುವ ಈ ಜಾಗದಲ್ಲೇ ನನ್ನ ಉತ್ತರದ ತಿರುಳಿದೆ.

ಒಂದು ಸೀಸನ್‌ನ ಸಂಬಳ ಉಳಿದದ್ದಕ್ಕೇ ಇಷ್ಟು ಸಮಾಧಾನವಾದರೆ, ಬಾಕಿ 3 ವರ್ಷದ ಇಡೀ ಕಾಂಟ್ರಾಕ್ಟ್ ಹರಿದುಹಾಕುವ ಹಕ್ಕು ತಂಡಕ್ಕೆ ಇದ್ದಿದ್ದರೆ? ವಯಸ್ಸಾದ, ದುಬಾರಿ ಆಟಗಾರ ಸಿಕ್ಕಿಬೀಳುವುದು ತಂಡಕ್ಕೆ ಲಾಭದ ವಿಷಯವಾಗುತ್ತಿತ್ತು. ಆಟಗಾರನ ದೇಹವನ್ನು ದಿನವೂ ನೋಡಿಕೊಳ್ಳುವವರು ಅದೇ ತಂಡದ ಡಾಕ್ಟರು, ಟ್ರೇನರು. ಊರಿಗೆ ಹೋಗಿ ಬಂದವನು ಅಲ್ಲಿ ಹಚ್ಚಿಕೊಂಡ ಮುಲಾಮಿನ ಟ್ಯೂಬ್ ತೋರಿಸಿ "ಇದು ಸರಿಯೇ?" ಎಂದು ಕೇಳಬೇಕಾದದ್ದು ಅವರನ್ನೇ. ಕೇಳಿದರೆ ಕಾಂಟ್ರಾಕ್ಟ್ ಹೋದೀತು ಎಂಬ ಭಯವಿದ್ದರೆ ಯಾರು ಕೇಳುತ್ತಾರೆ? ಬಚ್ಚಿಡುವುದೇ ಅಭ್ಯಾಸವಾಗುತ್ತದೆ, ಮದ್ದು ತಡೆಯುವ ಕೆಲಸ ಇನ್ನಷ್ಟು ಕೆಡುತ್ತದೆ.

ಇದಕ್ಕೆ ತದ್ವಿರುದ್ಧದ ತುದಿ ಫರ್ನಾಂಡೋ ಟಟೀಸ್ ಜೂನಿಯರ್. 2021ರ ಫೆಬ್ರವರಿಯಲ್ಲಿ, 22ನೇ ವಯಸ್ಸಿಗೆ, ಸ್ಯಾನ್ ಡಿಯಾಗೋ ಪಾಡ್ರೆಸ್ ಜೊತೆ 14 ವರ್ಷಕ್ಕೆ 34 ಕೋಟಿ. 2022ರ ಆಗಸ್ಟ್ 12ರಂದು ಕ್ಲೋಸ್ಟೆಬಾಲ್ ಪತ್ತೆಯಾಗಿ 80 ಪಂದ್ಯ. ಹುಳುಕಡ್ಡಿಗೆ ಬಳಸಿದ ಔಷಧದಲ್ಲಿ ಇತ್ತು ಎಂಬುದು ಅವನ ವಿವರಣೆ. ಚರ್ಮಕ್ಕೆ ಹಚ್ಚುವ ಔಷಧಗಳಲ್ಲಿ ಈ ಸ್ಟೆರಾಯ್ಡ್ ಇರುವುದು ನಿಜ. ಟೆನಿಸ್‌ನ ಯಾನಿಕ್ ಸಿನ್ನರ್ ಪ್ರಕರಣದಲ್ಲೂ ಕೇಳಿಬಂದದ್ದು ಇದೇ ಹೆಸರು. ಬೈಕ್ ಅಪಘಾತದಲ್ಲಿ ಮಣಿಕಟ್ಟು ಮುರಿದುಕೊಂಡಿದ್ದ ಟಟೀಸ್ ಆ ವರ್ಷ ಒಂದು ಪಂದ್ಯವನ್ನೂ ಆಡಿರಲಿಲ್ಲ, ಜನ ಅವನ ಮರಳುವಿಕೆಯನ್ನೇ ಕಾಯುತ್ತಿದ್ದರು. ಸ್ಯಾನ್ ಡಿಯಾಗೋದಲ್ಲಿ ಸಿಡಿದ ಸಿಟ್ಟು ಅದಕ್ಕೇ. ಸೆಪ್ಟೆಂಬರ್‌ನಲ್ಲಿ ಪ್ರೇಕ್ಷಕರಿಗೆ ಹಂಚಬೇಕಿದ್ದ, ಅವನ ರೂಪದ ತಲೆಯಾಡಿಸುವ ಗೊಂಬೆಯನ್ನು ತಂಡ ಕೈಬಿಟ್ಟು, ಬದಲಿಗೆ ಹೊಸದಾಗಿ ಬಂದಿದ್ದ ಹುವಾನ್ ಸೋಟೋ ಹೆಸರಿನ ಟೀ ಶರ್ಟ್ ಕೊಟ್ಟಿತು.

ದುಡ್ಡಿನ ನಷ್ಟ? 34 ಕೋಟಿ ಕೇಳಿ ಬೆಚ್ಚಿದವರು ಇದನ್ನು ನೋಡಬೇಕು. ಆ ಕಾಂಟ್ರಾಕ್ಟಿನಲ್ಲಿ 2022ರ ಸಂಬಳ ಬರೀ 50 ಲಕ್ಷ, 2023ರದ್ದು 70 ಲಕ್ಷ, ವರ್ಷಕ್ಕೆ 3.6 ಕೋಟಿ ಬರುವುದು 2029ರಿಂದ. ಹೀಗಾಗಿ ಅವನು ಕಳೆದುಕೊಂಡದ್ದು 30 ಲಕ್ಷ ಡಾಲರಿನೊಳಗೆ, ಒಟ್ಟು ಮೊತ್ತದ ಶೇಕಡಾ 1ಕ್ಕಿಂತ ಕಡಿಮೆ. ಪಂದ್ಯಗಳ ಎಣಿಕೆಯೂ ಗಮನಿಸುವಂಥದ್ದು: 2022ರಲ್ಲಿ ಉಳಿದಿದ್ದ 48, ಪಾಡ್ರೆಸ್ ಆಡಿದ ಪ್ಲೇಆಫ್ ಪಂದ್ಯಗಳು 12, ಮುಂದಿನ ಸೀಸನ್‌ನ ಮೊದಲ 20. ತಂಡ ಪ್ಲೇಆಫ್‌ನಲ್ಲಿ ಮುಂದೆ ಹೋದಷ್ಟೂ ಅವನ ಶಿಕ್ಷೆ ಬೇಗ ಕರಗಿತು. 2023ರ ಏಪ್ರಿಲ್ 20ರಂದು ಮರಳಿದ. ಹೊರ ಊರುಗಳಲ್ಲಿ ಸ್ಟೆರಾಯ್ಡ್ ಎಂದು ಕೂಗಿ ಕಾಡಿದರು, ತವರಿನಲ್ಲಿ ಆದರಿಸಿದರು. ಮೈದಾನದ ಬಲ ಅಂಚಿನ ರೈಟ್ ಫೀಲ್ಡ್‌ಗೆ ಜಾಗ ಬದಲಿಸಿ ಅದೇ ವರ್ಷ ಲೀಗಿನ ಅತ್ಯುತ್ತಮ ಫೀಲ್ಡರ್‌ಗೆ ಕೊಡುವ ಪ್ಲ್ಯಾಟಿನಂ ಗ್ಲವ್ ಗೆದ್ದ. ಮುಂದೆ ಹತ್ತು ವರ್ಷ ನೋಡಬೇಕಾದ ಆಟಗಾರನನ್ನು ತವರಿನ ಜನ ದೂರ ಮಾಡಿಕೊಳ್ಳುವುದಿಲ್ಲ. ಇದನ್ನು ಬೂಟಾಟಿಕೆ ಎನ್ನುವವರ ಜೊತೆ ನನಗೆ ಒಮ್ಮತವಿಲ್ಲ. ಒಪ್ಪಿಕೊಂಡ ಶಿಕ್ಷೆಯನ್ನು ಮುಗಿಸಿ ಬಂದವನು ಅವನು.

ಹಾಗಾದರೆ ತಂಡದ ಕೈಯಲ್ಲಿ ಏನೂ ಇಲ್ಲವೇ? ಇದೆ: ಬಾಕಿ ದುಡ್ಡು ಕೊಟ್ಟು ಬಿಡುಗಡೆ ಮಾಡಬಹುದು. ಕಾರಣ ಮಾತ್ರ ಆಟವಾಗಿರಬೇಕು, ಮದ್ದಲ್ಲ. ಶಿಕ್ಷೆ ಮುಗಿಸಿ ಬಂದ ಕಾನೋನನ್ನು ಮೆಟ್ಸ್ 2022ರ ಮೇ ತಿಂಗಳಲ್ಲಿ, ತಂಡದ ಪಟ್ಟಿಯನ್ನು 28ರಿಂದ 26ಕ್ಕೆ ಇಳಿಸಬೇಕಾದಾಗ, ಸುಮಾರು 4 ಕೋಟಿ ಡಾಲರ್ ಬಾಕಿ ಇದ್ದರೂ ಕೈಬಿಟ್ಟಿತು. ಯಾಂಕೀಸ್ 2016ರ ಆಗಸ್ಟ್‌ನಲ್ಲಿ ರಾಡ್ರಿಗೆಸ್‌ನನ್ನು ಬಿಟ್ಟಾಗ 2017ರ 2 ಕೋಟಿಯನ್ನೂ ತೆರಬೇಕಾಯಿತು.

ನನ್ನ ತಕರಾರು ಇರುವುದು ಕಡಿತವಾದ ಸಂಬಳ ತಂಡದ ಗಲ್ಲಾಪೆಟ್ಟಿಗೆಯಲ್ಲೇ ಉಳಿಯುವುದಕ್ಕೆ. ಮೆಟ್ಸ್ ಅಭಿಮಾನಿಗಳ ಆ ಸಂಭ್ರಮ ಹುಟ್ಟಿದ್ದೇ ಅಲ್ಲಿಂದ. ಬೇರೆ ದಾರಿಯ ಒಂದು ಉದಾಹರಣೆ ಈಗಾಗಲೇ ಇದೆ. 2015ರ ಮೇ 1ರಂದು ರಾಡ್ರಿಗೆಸ್ 660ನೇ ಹೋಂ ರನ್ ಹೊಡೆದು ಮೇಸ್ ಸಂಖ್ಯೆ ಮುಟ್ಟಿದಾಗ ಯಾಂಕೀಸ್ ಬೋನಸ್ ಕೊಡಲು ಒಪ್ಪಲಿಲ್ಲ. ಜಗಳ ರಾಜಿಯಾಗಿ 35 ಲಕ್ಷ ಡಾಲರ್ ದತ್ತಿ ಸಂಸ್ಥೆಗಳಿಗೆ ಹೋಯಿತು, ಅವನಿಗೂ ಅಲ್ಲ, ತಂಡಕ್ಕೂ ಅಲ್ಲ. ಅಮಾನತಿನ ಸಂಬಳವೂ ಹೀಗೇ ಹೊರಗೆ ಹೋಗಲಿ, ಮಕ್ಕಳ ಬೇಸ್‌ಬಾಲ್‌ಗೋ ಮದ್ದಿನ ಸಂಶೋಧನೆಗೋ. ತೆರಿಗೆಯ ಲೆಕ್ಕದಲ್ಲೂ ತಂಡಕ್ಕೆ ರಿಯಾಯಿತಿ ಬೇಡ. ಮಾಲೀಕರಿಗೂ ಆಟಗಾರರ ಸಂಘಕ್ಕೂ 2022ರಲ್ಲಿ ಆದ ಕಾರ್ಮಿಕ ಒಪ್ಪಂದದ ಅವಧಿ 2026ರ ಡಿಸೆಂಬರ್ 1ರವರೆಗೆ. ಹೊಸದಕ್ಕಾಗಿ ಮಾಲೀಕರೂ ಸಂಘವೂ ಕೂರುವಾಗ ಅಭಿಮಾನಿಗಳು ಒತ್ತಾಯಿಸಬೇಕಾದದ್ದು ಇದನ್ನು.