ಅನಂತನಾಗಿ ಮೂರು ದಿನ

ನನ್ನ ಹೆಸರು ‘ಪ್ರ’ದಿಂದ ಶುರುವಾಗುತ್ತದೆ. ಬರೆಯುವಾಗ ಇದರಿಂದ ಏನೂ ತೊಂದರೆಯಿಲ್ಲ, ಮನೆಯಲ್ಲಿ ನಾಯಿಯ ಹತ್ತಿರ ಹೇಳುವಾಗಲೂ ಇಲ್ಲ. ಕಳೆದ ವಾರ ಒಂದು ಕ್ಲಿನಿಕ್ಕಿಗೆ ಫೋನ್ ಮಾಡಬೇಕಿತ್ತು. ಅದಕ್ಕೂ ಮುಂಚೆ ನಾಯಿಯ ಎದುರು ಕೂತು ಹೆಸರನ್ನು ಹತ್ತು ಸಲ ಹೇಳಿಕೊಂಡೆ. ಹತ್ತು ಸಲವೂ ಸಲೀಸಾಗಿ ಬಂತು. ಹನ್ನೊಂದನೆಯ ಸಲ ಫೋನಿನಲ್ಲಿ. ‘ಹೆಸರು ಹೇಳಿ’ ಅಂದರು ಆ ಕಡೆಯಿಂದ. ನನ್ನ ತುಟಿಗಳೆರಡೂ ಮುಚ್ಚಿಕೊಂಡವು, ಅಷ್ಟೇ. ‘ಪ’ ಹುಟ್ಟಬೇಕಾದರೆ ಮುಚ್ಚಿದ ತುಟಿ ತೆರೆದು ಹಿಂದೆ ತಡೆದಿಟ್ಟ ಉಸಿರು ಹೊರಗೆ ಬರಬೇಕು. ನನ್ನದು ತಡೆದಲ್ಲೇ ನಿಂತಿತ್ತು. ನಾಲ್ಕು ಸೆಕೆಂಡೋ ಐದೋ. ‘ಹಲೋ? ಹಲೋ? ಕೇಳಿಸ್ತಿಲ್ಲ’ ಎಂದು ಆಕೆ ಇಟ್ಟೇಬಿಟ್ಟರು.

ಎದುರಿಗಿದ್ದವರಿಗಾದರೆ ನನ್ನ ಮುಖವಾದರೂ ಕಾಣುತ್ತದೆ, ಏನೋ ನಡೆಯುತ್ತಿದೆ ಅಂತ ಗೊತ್ತಾಗುತ್ತದೆ. ಫೋನಿನಲ್ಲಿ ಉಗ್ಗಿನ ಮೌನಕ್ಕೂ ನೆಟ್‌ವರ್ಕ್ ಹೋದ ಮೌನಕ್ಕೂ ವ್ಯತ್ಯಾಸವೇ ಇಲ್ಲ.

ನಾಯಿಯ ಮುಂದೆ ಬರುವ ಮಾತು ಮನುಷ್ಯರ ಮುಂದೆ ಯಾಕೆ ಬರುವುದಿಲ್ಲ? ಇದು ನನ್ನೊಬ್ಬನದೇ ವಿಚಿತ್ರ ಅಂತ ಬಹಳ ಕಾಲ ಅಂದುಕೊಂಡಿದ್ದೆ. 2021ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಎರಿಕ್ ಜಾಕ್ಸನ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಉಗ್ಗುವ 24 ವಯಸ್ಕರಿಗೆ ಒಂದು ಕಷ್ಟದ ಕೆಲಸ ಕೊಟ್ಟು, ಇಲ್ಲಿ ನಿಮ್ಮ ಮಾತು ಯಾರಿಗೂ ಕೇಳಿಸುವುದಿಲ್ಲ ಎಂದು ನಂಬಿಸಿ, ಅವರು ತಮ್ಮಷ್ಟಕ್ಕೆ ಆಡಿಕೊಂಡ ಮಾತನ್ನು ದಾಖಲಿಸಿಕೊಂಡರು. ಉಗ್ಗು ಹೆಚ್ಚೂಕಡಿಮೆ ಇರಲೇ ಇಲ್ಲ. ಅದನ್ನು ಓದಿದ ದಿನ ನನಗೆ ಸಮಾಧಾನವೂ ಆಯಿತು, ಸಿಟ್ಟೂ ಬಂತು. ನನ್ನ ಬಾಯಲ್ಲಿ ದೋಷವಿಲ್ಲ ಅಂತ ಸಮಾಧಾನ. ಇದನ್ನು ಹಿಡಿದುಕೊಂಡು ಜನ ‘ನೋಡಿದ್ಯಾ, ಎಲ್ಲಾ ಹೆದರಿಕೆ ಕಣೋ’ ಅಂತಾರಲ್ಲ ಅಂತ ಸಿಟ್ಟು.

ಹೆದರಿಕೆಯಿಂದ ಉಗ್ಗು ಹುಟ್ಟುವುದಿಲ್ಲ. ಬಹುಪಾಲು ಮಂದಿಗೆ ಅದು 2ರಿಂದ 5 ವರ್ಷದೊಳಗೇ ಶುರುವಾಗುತ್ತದೆ. ಆ ವಯಸ್ಸಿನ ಮಗುವಿಗೆ ಯಾವ ಇಂಟರ್‌ವ್ಯೂ, ಯಾವ ಮೀಟಿಂಗು? ವಂಶವಾಹಿಯ ಪಾತ್ರ ಇದೆ (ನನ್ನ ಸೋದರಮಾವ ಉಗ್ಗುತ್ತಿದ್ದರು), ಮಾತನ್ನು ಸಮಯಕ್ಕೆ ಸರಿಯಾಗಿ ಜೋಡಿಸುವ ಮೆದುಳಿನ ಜಾಲದಲ್ಲೂ ವ್ಯತ್ಯಾಸ ಇದೆ. ಉಗ್ಗುವ ಮಕ್ಕಳಲ್ಲಿ ಹೆಚ್ಚಿನವರಿಗೆ ಅದು ತಾನಾಗಿ ಬಿಟ್ಟುಹೋಗುತ್ತದೆ. ದೊಡ್ಡವರಲ್ಲಿ ಉಳಿಯುವುದು ನೂರಕ್ಕೆ ಒಬ್ಬರಿಗೆ. ಆ ಒಬ್ಬನ ಹತ್ತಿರ ಹೆದರಿಕೆ ಆಮೇಲೆ ಬಂದು ಬಿಡಾರ ಹೂಡುತ್ತದೆ.

ನನ್ನ ಲೆಕ್ಕ ಹೀಗಿದೆ. ಹಾಡುವಾಗ ಉಗ್ಗಿಲ್ಲ. ಹತ್ತು ಜನರ ಜೊತೆ ದನಿಗೂಡಿಸಿ ಓದುವಾಗ ಇಲ್ಲ. ಪಿಸುಗುಟ್ಟಿದರೆ ಕಡಿಮೆ, ಕೂಸಿನ ಹತ್ತಿರ ಇಲ್ಲವೇ ಇಲ್ಲ. ಜಗಳದಲ್ಲಿ ಒಂದೊಂದು ಸಲ ಆಶ್ಚರ್ಯವಾಗುವಷ್ಟು ಸಲೀಸು. ತಂಗಿ ಹೇಳುತ್ತಾಳೆ, ‘ನಿನ್ನ ಬಾಯಿ ಬಿಡಿಸ್ಬೇಕು ಅಂದ್ರೆ ಜಗಳಾನೇ ತೆಗೀಬೇಕು ಕಣೋ ಅಣ್ಣ.’ ಹಿಂದೆ ಸಾಲು ನಿಂತಿರುವಾಗ ಕೌಂಟರಿನಲ್ಲಿ ಕಷ್ಟ. ಮೇಲಧಿಕಾರಿ ವಾಚು ನೋಡಿಕೊಂಡರೆ ಮುಗಿದೇ ಹೋಯಿತು. ‘ನಿಧಾನವಾಗಿ ಹೇಳು, ಉಸಿರು ಎಳ್ಕೋ’ ಎಂದು ಪ್ರೀತಿಯಿಂದ ಹೇಳುವವರ ಎದುರು ಎಲ್ಲಕ್ಕಿಂತ ಕಷ್ಟ. ಪ್ರಾಚೀನ ಗ್ರೀಸಿನ ಭಾಷಣಕಾರ ಡೆಮಾಸ್ತನೀಸ್ ಬಾಯಲ್ಲಿ ಬೆಣಚುಕಲ್ಲು ಇಟ್ಟುಕೊಂಡು ಭಾಷಣ ಕಲಿತನಂತೆ ಎಂಬ ಕಥೆ ಕೇಳಿ ಹದಿನಾಲ್ಕನೇ ವಯಸ್ಸಿನಲ್ಲಿ ನಾನೂ ಇಟ್ಟುಕೊಂಡೆ. ಉಗ್ಗು ಹಾಗೇ ಇತ್ತು, ಜೊತೆಗೆ ಬಾಯಲ್ಲಿ ಕಲ್ಲು.

ಇನ್ನು ಪದ ಬದಲಿಸುವ ವಿದ್ಯೆ. ನನಗೆ ಪ, ಬ, ಕ ಕಷ್ಟ, ಸ್ವರಗಳು ಸುಲಭ. ಇನ್ನೊಬ್ಬರಿಗೆ ಇದೇ ತಿರುಗುಮುರುಗು ಇರಬಹುದು. ಎರಡು ಪದ ದೂರದಲ್ಲಿ ‘ಪ’ ಬರುತ್ತಿರುವುದು ನನಗೆ ಮೊದಲೇ ಕಾಣುತ್ತದೆ. ಅಷ್ಟರೊಳಗೆ ಬದಲಿ ಹುಡುಕಬೇಕು. ‘ಪ್ರಶ್ನೆ’ ಹೋಗಿ ‘ಡೌಟು’, ‘ಪರೀಕ್ಷೆ’ ಹೋಗಿ ‘ಎಕ್ಸಾಮು’. ‘ಪಶ್ಚಿಮ’ ಬೇಡವೆಂದು ಅಚ್ಚಗನ್ನಡಕ್ಕೆ ಓಡಿದರೆ ಅಲ್ಲಿ ‘ಪಡುವಣ’ ಕಾದು ನಿಂತಿರುತ್ತದೆ. ಒಮ್ಮೆ ‘ಪುಸ್ತಕ’ ಬರಲಾರದೆ ಲೈಬ್ರರಿಯಲ್ಲಿ ‘ಆ ಹೊತ್ತಿಗೆ ಕೊಡಿ’ ಅಂದೆ. ‘ಯಾವ ಹೊತ್ತಿಗೆ? ಆರು ಗಂಟೆಗೆ ಮುಚ್ತೀವಿ’ ಅಂದರು.

ಕೆಲವರು ನನ್ನ ವಾಕ್ಯವನ್ನು ತಾವೇ ಮುಗಿಸಿಕೊಡುತ್ತಾರೆ. ನಮ್ಮ ಭಾಷೆಯಲ್ಲಿ ಅದು ಅಪಾಯ. ‘ನಾನು ನಾಳೆ ಬ... ಬರ...’ ಎನ್ನುವಷ್ಟರಲ್ಲಿ ‘ಬರಲ್ವಾ? ಪರವಾಗಿಲ್ಲ ಬಿಡಿ’ ಅಂದುಬಿಡುತ್ತಾರೆ. ಬರ್ತೀನಿ ಅಂತ ಮತ್ತೆ ಶುರುಮಾಡುವ ಶಕ್ತಿ ಎಲ್ಲಿಂದ ತರಲಿ? ಹಾಗಾಗಿ ಎಷ್ಟೋ ಕಡೆ ಹೋಗಿಲ್ಲ.

ಹೆಸರಿಗೆ ಮಾತ್ರ ಬದಲಿ ಪದ ಇಲ್ಲ ಅಂದುಕೊಂಡಿದ್ದೆ. ಅದನ್ನೂ ಕಂಡುಹಿಡಿದೆ. ಕೆಲವು ವರ್ಷಗಳ ಹಿಂದೆ ಮೂರು ದಿನದ ಒಂದು ತರಬೇತಿ. ಮೇಜಿನ ಸುತ್ತ ಒಬ್ಬೊಬ್ಬರಾಗಿ ಪರಿಚಯ ಹೇಳಿಕೊಳ್ಳುತ್ತಿದ್ದರು, ನಾನು ಒಂಬತ್ತನೆಯವನು. ಎಂಟು ಜನ ಏನು ಹೇಳಿದರೋ ಒಂದಕ್ಷರವೂ ಕಿವಿಗೆ ಬೀಳಲಿಲ್ಲ. ನನ್ನ ಸರದಿ ಬಂದಾಗ ಬಾಯಿಂದ ಹೊರಟದ್ದು, ‘ಅನಂತ’.

ಆಮೇಲೆ ಮೂರು ದಿನ ನಾನು ಅನಂತ. ಅನಂತನಿಗೆ ಉಗ್ಗೇ ಇರಲಿಲ್ಲ! ಊಟದ ಹೊತ್ತಿನಲ್ಲಿ ಹರಟೆ ಹೊಡೆದ, ಎರಡು ಜೋಕು ಹೇಳಿದ, ಒಂದು ಗುಂಪಿನ ಪರವಾಗಿ ಎದ್ದು ನಿಂತು ಮಾತಾಡಿದ. ಪಾತ್ರ ಹಾಕಿಕೊಂಡಾಗ ಮಾತು ಸರಾಗವಾಗುವುದು ಉಗ್ಗುವ ಬಹಳ ಮಂದಿಯ ಅನುಭವ ಅಂತ ಗೊತ್ತಿತ್ತು, ಹೀಗೆ ಅನುಭವಿಸುತ್ತೇನೆ ಅಂದುಕೊಂಡಿರಲಿಲ್ಲ. ಕೊನೆಯ ದಿನ ಸರ್ಟಿಫಿಕೇಟ್ ಕೊಡುವಾಗ ನನ್ನ ನಿಜವಾದ ಹೆಸರು ಕೂಗಿದರು. ಪಕ್ಕದಲ್ಲಿದ್ದವರು, ‘ಯಾರ್ರೀ ಅದು, ಮೂರು ದಿನ ಬಂದೇ ಇಲ್ವಲ್ಲ?’ ಅಂದರು. ನಾನು ಏಳಲಿಲ್ಲ. ಎಲ್ಲರೂ ಹೋದಮೇಲೆ ಮೇಜಿನ ಮೇಲೆ ಉಳಿದಿದ್ದ ಆ ಕಾಗದವನ್ನು ಬ್ಯಾಗಿಗೆ ಹಾಕಿಕೊಂಡು ಹೊರಟೆ.

ಸ್ಪೀಚ್ ಥೆರಪಿಗೆ ಹೋದದ್ದು ಅದಾದ ಮೇಲೆ. ಥೆರಪಿಸ್ಟ್ ಮೇಡಂ ಕಥೆ ಕೇಳಿ ನಕ್ಕರು, ಆಮೇಲೆ ‘ಆ ಮೂರು ದಿನದಲ್ಲಿ ನೀವು ಹೇಳಿದ್ದರಲ್ಲಿ ನಿಮಗೆ ಹೇಳಬೇಕು ಅನಿಸಿದ್ದು ಎಷ್ಟು?’ ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಅವರು ಕಲಿಸಿದ್ದರಲ್ಲಿ ಹೆಚ್ಚಿನದು ಚಾರ್ಲ್ಸ್ ವ್ಯಾನ್ ರೈಪರ್ ಎಂಬ ಅಮೆರಿಕದ ತಜ್ಞರ ದಾರಿ. ಅವರೂ ಉಗ್ಗುತ್ತಿದ್ದವರೇ. ಮಾತು ಸಿಕ್ಕಿಕೊಂಡರೆ ಪದ ಬದಲಿಸಬೇಡ, ಅದೇ ಪದದೊಳಗಿಂದ ಮೆಲ್ಲಗೆ ಹೊರಗೆ ಬಾ. ಸಿಕ್ಕಿಕೊಂಡು ಮುಗಿಸಿದ ಪದವನ್ನು ಒಂದು ಕ್ಷಣ ನಿಂತು ಮತ್ತೆ ಹೇಳು. ಬೇಕೆಂದೇ ಒಮ್ಮೊಮ್ಮೆ ಉಗ್ಗು. ಈ ಕೊನೆಯದಕ್ಕೆ ನಾನು ಒಪ್ಪಿಕೊಳ್ಳಲು ಎರಡು ತಿಂಗಳು ಬೇಕಾಯಿತು. ಇಪ್ಪತ್ತೈದು ವರ್ಷ ಬಚ್ಚಿಟ್ಟದ್ದನ್ನು ಬೇಕೆಂದು ಯಾರಾದರೂ ಹೊರಗೆ ತರುತ್ತಾರಾ? ಈಗ ನಾನು ಮುಂಚಿಗಿಂತ ಹೆಚ್ಚು ಉಗ್ಗುತ್ತೇನೆ. ‘ಪುಸ್ತಕ’ ಬೇಕಾದರೆ ‘ಪುಸ್ತಕ’ವನ್ನೇ ಕೇಳುತ್ತೇನೆ.

ಆ ಕ್ಲಿನಿಕ್ಕಿಗೆ ಐದು ನಿಮಿಷ ಬಿಟ್ಟು ಮತ್ತೆ ಫೋನ್ ಮಾಡಿದೆ. ‘ನನಗೆ ಉಗ್ಗು ಇದೆ ಮೇಡಂ, ಹೆಸರು ಹೇಳೋದು ಸ್ವಲ್ಪ ತಡ ಆಗುತ್ತೆ, ಇಡಬೇಡಿ’ ಅಂದೆ. ಇದಷ್ಟೂ ಒಂದೂ ತಡೆಯಿಲ್ಲದೆ ಬಂತು, ಆಕೆ ನಂಬಿದರೋ ಇಲ್ಲವೋ. ‘ಆಯ್ತು ಸಾರ್, ಹೇಳಿ’ ಎಂದು ಕಾದರು. ತುಟಿ ಮುಚ್ಚಿತು, ಕಾಯಿತು, ಮೂರು ತುಂಡಾಗಿ ಹೆಸರು ಹೊರಬಿತ್ತು. ಬೆವರು ಒರೆಸಿಕೊಂಡೆ.

‘ಸಾರಿ ಸಾರ್, ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳ್ತೀರಾ?’

ಹೇಳಿದೆ. ಈ ಸಲ ಇನ್ನೂ ಉದ್ದವಾಯಿತು. ಗುರುವಾರ ಹತ್ತೂವರೆಗೆ ಬರಲು ಹೇಳಿದರು.