ಜುಲೈ ವಾಲೈಗೆ ಡೈವರ್ ಕಟ್ಟಿ ಟ್ರೋಲಿಂಗ್

ಮೇ ತಿಂಗಳಲ್ಲಿ ನೀರೊಳಗಿನ ಕಲ್ಲಿನ ದಿಬ್ಬದ ಮೇಲೆ ಒಂದು ಜಿಗ್ (ತೂಕ ಇರೋ ಗಾಳ) ಬಿಟ್ರೆ ಸಾಕು ಸಿಗ್ತಿದ್ದ ವಾಲೈ ಅನ್ನೋ ಸಿಹಿನೀರಿನ ಮೀನು, ಜುಲೈ ಹೊತ್ತಿಗೆ ಅಲ್ಲಿ ಇರೋದೇ ಇಲ್ಲ. ಅಮೆರಿಕದ ಮಿನ್ನೆಸೋಟದಲ್ಲಿ ಇದು ಪ್ರತಿ ವರ್ಷದ ಕಥೆ. ಮೀನು ಬಾಯಿ ಮುಚ್ಕೊಂಡು ಕೂತಿದೆ ಅಂತಾರೆ ಜನ, ನಾನಂತೂ ಇದನ್ನ ಒಪ್ಪಲ್ಲ. ಬಹಳಷ್ಟು ಮೀನು ಜಾಗ ಬದಲಾಯಿಸಿರತ್ತೆ ಅಷ್ಟೇ, ಲೇಕ್ ಮಧ್ಯದ ಆಳಕ್ಕೆ ಹೋಗಿ ತಳದಲ್ಲೂ ಇಲ್ಲ ಮೇಲೂ ಇಲ್ಲ ಅನ್ನೋ ಹಾಗೆ ನಡುನೀರಲ್ಲಿ ತೇಲ್ತಾ ಇರತ್ತೆ. ಅದರಲ್ಲೂ ಸಿಸ್ಕೋ ಇರೋ ಲೇಕ್‌ಗಳಲ್ಲಿ, ಅಂದ್ರೆ ಇಲ್ಲಿನವರು ಟುಲಿಬೀ ಅಂತಾರಲ್ಲ ಆ ಬೆಳ್ಳಿ ಮೀನು, ಅದು ತಣ್ಣೀರು ಹುಡುಕ್ಕೊಂಡು ಥರ್ಮೋಕ್ಲೈನ್ (ಮೇಲಿನ ಬಿಸಿ ನೀರು ಮುಗಿದು ತಣ್ಣೀರು ಶುರು ಆಗೋ ಪದರ) ಹತ್ರ ಹಿಂಡು ಕಟ್ಟತ್ತೆ, ಹಿಂದೇನೇ ವಾಲೈ ಬರತ್ತೆ. ಕೆಳಗೆ 50 ಅಡಿ ನೀರಿದ್ರೂ ಮೀನು ಇರೋದು 20 ಅಡಿಯಲ್ಲಿ. ತಳ ಮುಟ್ಟಿಕೊಂಡು ಹೋಗೋ ಬಾಟಮ್ ಬೌನ್ಸರ್ ಅನ್ನೋ ತೂಕ ಹಾಕಿದ್ರೆ ಬೇಟ್ (ಗಾಳದ ಮೇವು) ಮೀನಿಗಿಂತ ಎಷ್ಟೋ ಕೆಳಗೆ ಹೋಗ್ತಾ ಇರತ್ತೆ, ವಾಲೈ ತಲೆ ಕೆಳಗೆ ಮಾಡಿ ಅದನ್ನ ಹುಡುಕ್ಕೊಂಡು ಬರೋದು ಬಹಳ ಕಮ್ಮಿ.

ಇಂಥ ಕಡೆ ಟ್ರೋಲಿಂಗ್‌ಗೆ, ಅಂದ್ರೆ ಚಲಿಸೋ ಬೋಟಿನ ಹಿಂದೆ ಬೇಟ್ ಎಳ್ಕೊಂಡು ಹೋಗೋದಕ್ಕೆ, ನನಗೆ ಡೈವರ್ ಬಿಟ್ಟು ಬೇರೆ ಯಾವುದೂ ಅಷ್ಟು ಇಷ್ಟ ಆಗಲ್ಲ. ಡೈವರ್ ಅಂದ್ರೆ ಬೇಟನ್ನ ಆಳಕ್ಕೆ ಒಯ್ಯೋಕೆ ಲೈನಿಗೆ ಕಟ್ಟೋ ಸಾಧನ. ಡಿಪ್ಸಿ ಡೈವರ್, ಜೆಟ್ ಡೈವರ್ ಅಂದ ತಕ್ಷಣ ಅದು ಗ್ರೇಟ್ ಲೇಕ್ಸ್ ಸಾಮಾನು, ಈರಿಯಲ್ಲೋ ಮಿಷಿಗನ್‌ನಲ್ಲೋ ದೊಡ್ಡ ಬೋಟ್ ಇರೋರಿಗೆ ಅಂತ ತುಂಬಾ ಜನ ಬದಿಗೆ ಇಟ್ಬಿಡ್ತಾರೆ, ಆದ್ರೆ ಚಿಕ್ಕ ಸೈಜಿನ ಡೈವರ್ ಒಳನಾಡಿನ ಲೇಕ್‌ಗೆ, 16 ಅಡಿ ಬೋಟಿಗೆ ಹೇಳಿ ಮಾಡಿಸಿದ ಹಾಗಿದೆ. ಭಾರದ ಗುಂಡು ಇಳಿಸೋ ಡೌನ್‌ರಿಗ್ಗರ್ ಬೇಡ, ಲೆಡ್‌ಕೋರ್ (ಒಳಗೆ ಸೀಸ ಇರೋ ಲೈನ್) ತುಂಬಿದ ಬೇರೆ ರೀಲ್ ಬೇಡ.

ಕೆಲಸ ಮಾಡೋ ರೀತಿ ಸರಳ. ಡೈವರ್ ನೀರಲ್ಲಿ ವಾಲಿಕೊಂಡು ನಿಲ್ಲತ್ತೆ, ಬೋಟ್ ಎಳೆದಾಗ ನೀರಿನ ಒತ್ತಡಾನೇ ಅದನ್ನ ಕೆಳಗೆ ತಳ್ಳತ್ತೆ. ಬರೀ ಸೀಸದ ತೂಕ ಕಟ್ಟಿದ್ರೆ ಬೋಟ್ ಸ್ವಲ್ಪ ಸ್ಪೀಡ್ ಆದ ಕೂಡ್ಲೇ ಬೇಟ್ ಮೇಲೆ ಬರತ್ತೆ, ನಿಧಾನ ಆದ್ರೆ ಕೆಳಗೆ ಕುಸಿಯತ್ತೆ, ಗಾಳಿ ಇರೋ ದಿನ ಅಲೆ ಬೋಟನ್ನ ಒಂದ್ಸಲ ತಳ್ಳಿ ಒಂದ್ಸಲ ಹಿಡಿದು ನಿಲ್ಲಿಸಿದಾಗ ಬೇಟ್ ಯಾವ ಆಳದಲ್ಲಿದೆ ಅಂತ ದೇವರಿಗೇ ಗೊತ್ತು. ಡೈವರ್ ಹಾಗಲ್ಲ, ಸ್ಪೀಡ್ ಆಚೀಚೆ ಆದ್ರೂ ಹೆಚ್ಚುಕಮ್ಮಿ ಅದೇ ಆಳದಲ್ಲಿ ಹಿಡಿದು ನಿಲ್ಲತ್ತೆ. ನಡುನೀರಿನ ಮೀನಿಗೆ ಬೇಕಿರೋದೇ ಇದು.

ಡಿಪ್ಸಿಯ ತಳದಲ್ಲಿ ತಿರುಗೋ ಪ್ಲೇಟ್ ಇದೆ, 0 ಯಿಂದ 3 ರವರೆಗೆ ಎರಡೂ ಕಡೆ ನಂಬರ್. 0 ಇಟ್ರೆ ನೇರ ಕೆಳಗೆ, ನಂಬರ್ ಜಾಸ್ತಿ ಮಾಡಿದಷ್ಟೂ ಬೋಟಿಂದ ಪಕ್ಕಕ್ಕೆ ಸರಿಯತ್ತೆ, ಆದ್ರೆ ಆಳ ಕಮ್ಮಿ ಆಗತ್ತೆ. ನೀರು ತಿಳಿಯಾಗಿರೋ ಲೇಕಲ್ಲಿ ನಾನು 2 ಕ್ಕೋ 3 ಕ್ಕೋ ಇಡ್ತೀನಿ, ಯಾಕಂದ್ರೆ ಮೀನು ಮೇಲಿರೋವಾಗ ಬೋಟ್ ತಲೆ ಮೇಲೆ ಹಾದು ಹೋದ್ರೆ ಪಕ್ಕಕ್ಕೆ ಓಡತ್ತೆ, ಓಡಿದ ಕಡೆ ನಮ್ಮ ಬೇಟ್ ಇರ್ಲಿ. ಮಿನ್ನೆಸೋಟದಲ್ಲಿ ಸಾಮಾನ್ಯವಾಗಿ ಒಬ್ಬರಿಗೆ ಒಂದೇ ಲೈನ್, ಹಾಗಾಗಿ ಇಬ್ಬರಿದ್ರೆ ಎಡಕ್ಕೊಂದು ಬಲಕ್ಕೊಂದು. ವಿಸ್ಕಾನ್ಸಿನ್, ಮಿಷಿಗನ್ ರಾಜ್ಯದವರಿಗೆ ತಲಾ ಮೂರು ಲೈನ್ ಸಿಗತ್ತೆ, ಅವರ ಲೆಕ್ಕಾನೇ ಬೇರೆ. ಜೆಟ್ ಡೈವರ್‌ಗೆ ಈ ಪಕ್ಕಕ್ಕೆ ಸರಿಯೋದಿಲ್ಲ, ಆದ್ರೆ ಅದು ತೇಲತ್ತೆ. ಕಲ್ಲಿನ ದಿಬ್ಬ ಅಡ್ಡ ಬಂದ್ರೆ ಬೋಟ್ ನಿಧಾನ ಮಾಡಿ, ತಾನೇ ಮೇಲೆ ಬರತ್ತೆ, ಬೇಟ್ ಕಳ್ಕೊಳ್ಳಲ್ಲ. ಇದು ಡಿಪ್ಸಿಯಿಂದ ಆಗಲ್ಲ, ಅದು ಮುಳುಗತ್ತೆ.

ಲೈನ್ ಬಿಡೋದ್ರಲ್ಲಿ ಅವಸರ ಬೇಡ. ಮೊದಲು ಬೇಟ್ ನೀರಿಗೆ ಹಾಕಿ ಬೋಟ್ ಪಕ್ಕದಲ್ಲೇ ನೋಡಿ, ಹುಳುವಿನ ಮುಂದಿರೋ ಸ್ಪಿನ್ನರ್ ಬ್ಲೇಡ್ (ಹೊಳೆಯೋ ತಗಡು) ತಿರುಗ್ತಿದೆಯಾ, ಎರೆಹುಳು ನೆಟ್ಟಗೆ ಬರ್ತಿದೆಯಾ. ಹುಳು ಮುದುಡಿದ್ರೆ ಲೈನ್ ತಿರುಚ್ಕೊಳ್ಳತ್ತೆ, ವಾಲೈ ಮೂಸಿಯೂ ನೋಡಲ್ಲ. ಆಮೇಲೆ ಡೈವರ್ ಇಳಿಸಿ, ಹೆಬ್ಬೆರಳು ಸ್ಪೂಲ್ ಮೇಲೆ ಇಟ್ಕೊಂಡೇ ನಿಧಾನಕ್ಕೆ ಬಿಡಿ. ಒಂದೇ ಸಲ ಬಿಟ್ರೆ ಲೀಡರ್ (ಡೈವರ್‌ಗೂ ಬೇಟಿಗೂ ನಡುವಿನ ದಾರ) ಡೈವರ್‌ಗೆ ಸುತ್ತಿಕೊಳ್ಳತ್ತೆ. ಬೆರಳ ಕೆಳಗೆ ಡೈವರ್ ಎಳೆಯೋದು ಗೊತ್ತಾಗತ್ತೆ, ಎಷ್ಟು ಅಡಿ ಲೈನ್ ಹೋಯ್ತು ಅಂತ ತೋರಿಸೋ ರೀಲಿನ ಕೌಂಟರ್ 40, 50, 60 ಅಂತ ಏರ್ತಾ ಹೋಗತ್ತೆ, ಬೇಕಾದ ನಂಬರಿಗೆ ನಿಲ್ಲಿಸಿದ ತಕ್ಷಣ ರಾಡ್ ಬಗ್ಗಿ ತುದಿ ಸಣ್ಣಗೆ ನಡುಗೋಕೆ ಶುರು ಆಗತ್ತೆ. ಆ ನಡುಕ ನಿಂತ್ರೆ ಬ್ಲೇಡಿಗೆ ಕಳೆ ಸಿಕ್ಕಿದೆ ಅಂತ ಅರ್ಥ, ಎಳೆದು ನೋಡಲೇಬೇಕು.

ಲೈನ್ ಕೌಂಟರ್ ರೀಲ್ ಇಲ್ಲದೆ ಇದನ್ನ ಮಾಡ್ಬೇಡಿ, ಇದು ನನ್ನ ಗಟ್ಟಿ ಅಭಿಪ್ರಾಯ. ಒಂದು ಮೀನು ಬಿತ್ತು ಅಂದ್ರೆ ಎಷ್ಟು ಲೈನ್ ಹೊರಗಿತ್ತು, ಪ್ಲೇಟ್ ಯಾವ ನಂಬರಲ್ಲಿತ್ತು, ಸ್ಪೀಡ್ ಎಷ್ಟು, ಈ ಮೂರು ಗೊತ್ತಿದ್ರೆ ಎರಡನೇ ಮೀನು ಹಿಡಿಯೋದು ಸುಲಭ. ಬ್ರೇಡ್ ಲೈನ್ (ಎಳೆಗಳನ್ನ ಹೆಣೆದ ದಾರ) ಹಾಕಿ, ತೆಳ್ಳಗಿರೋದ್ರಿಂದ ನೀರನ್ನ ಸೀಳ್ಕೊಂಡು ಆಳಕ್ಕೆ ಹೋಗತ್ತೆ, ಹಿಗ್ಗೋದೂ ಇಲ್ಲ. ಹಾಗಂತ ಲೈನ್ ಬಿಟ್ಟಷ್ಟೂ ಆಳ ಸಿಗಲ್ಲ, ಒಂದು ಹಂತ ಆದ್ಮೇಲೆ ಲೈನ್ ಮೇಲಿನ ಎಳೆತ ಜಾಸ್ತಿಯಾಗಿ ಡೈವರ್ ಅಲ್ಲೇ ನಿಂತ್ಬಿಡತ್ತೆ, ಆಗ ದೊಡ್ಡ ಸೈಜ್ ಹಾಕೋದೇ ಸರಿ. ಲೀಡರ್‌ಗೆ ಫ್ಲೋರೋಕಾರ್ಬನ್ ಅನ್ನೋ ಪ್ಲಾಸ್ಟಿಕ್ ದಾರ, 6 ರಿಂದ 8 ಅಡಿ. ಡೈವರ್ ರಾಡ್ ತುದಿಗೆ ಬಂದು ನಿಲ್ಲತ್ತಲ್ಲ, ಲೀಡರ್ ಇಷ್ಟಕ್ಕಿಂತ ಉದ್ದ ಆದ್ರೆ ಮೀನು ನೆಟ್ಟಿಗೆ ಎಟುಕಲ್ಲ. ಸ್ಪೀಡ್ ಹುಳುವಿಗೆ ಗಂಟೆಗೆ 1 ರಿಂದ 1.5 ಮೈಲಿ, ಕ್ರ್ಯಾಂಕ್‌ಬೇಟಿಗೆ (ಮೀನಿನ ಆಕಾರದ ನಕಲಿ ಬೇಟ್) 2 ರ ಆಸುಪಾಸು.

ಡಿಪ್ಸಿಯಲ್ಲಿ ಲೈನ್ ಹಿಡಿಯೋ ಕ್ಲಿಪ್ಪಿನ ಬಿಗಿ ಹೊಂದಿಸೋ ಟ್ರಿಪ್ ಸ್ಕ್ರೂ ಬಗ್ಗೆ ಒಂದು ಮಾತು. ಮೀನು ಎಳೆದಾಗ ಕ್ಲಿಪ್ ಬಿಚ್ಚಿ ಡೈವರ್ ಮಲಗಬೇಕು, ಆಗಲೇ ಎಳೆಯೋದು ಹಗುರ. ಸಾಲ್ಮನ್ ಬಂದು ಗುದ್ದೋ ಹಾಗೆ ವಾಲೈ ಗುದ್ದಲ್ಲ, ಸ್ಕ್ರೂ ಬಿಗಿ ಇದ್ರೆ ಚಿಕ್ಕ ಮೀನು ಕಚ್ಚಿದ್ದೂ ಗೊತ್ತಾಗದೆ ಹಿಂದೆ ಎಳ್ಕೊಂಡು ಹೋಗ್ತಾ ಇರ್ತೀವಿ ಪಾಪ. ಟ್ರೋಲಿಂಗ್ ಸ್ಪೀಡಲ್ಲಿ ತಾನಾಗೇ ಬಿಚ್ಚದಷ್ಟು ಬಿಗಿ ಮಾತ್ರ ಇಡಿ.

ಬೇಟ್ ಯಾವಾಗಲೂ ಮೀನಿಗಿಂತ ಮೇಲೆ. ಮೀನು ತೋರಿಸೋ ಸೋನಾರಲ್ಲಿ 24 ಅಡಿಗೆ ಕಂಡ್ರೆ ನಾನು 20 ಕ್ಕೆ ಬಿಡ್ತೀನಿ. ವಾಲೈ ಮೇಲಕ್ಕೆ ಬಂದು ಕಚ್ಚತ್ತೆ, ಮಬ್ಬು ಬೆಳಕಲ್ಲೂ ಚೆನ್ನಾಗಿ ಕಾಣೋ ಕಣ್ಣು ಅದಕ್ಕಿದೆ. ಸಂಜೆ ಬೆಳಕು ಇಳೀತಾ ಇದ್ದ ಹಾಗೆ ಮೀನು ಇನ್ನೂ ಮೇಲೆ ಬರೋದುಂಟು, ಆಗ ಲೈನ್ ಒಳಗೆ ತಗೊಳ್ತಾ ಬನ್ನಿ.

ಮೀನು 30 ಅಡಿಗಿಂತ ಕೆಳಗೆ ಕಾಣ್ತಿದ್ರೆ ಒಂದು ವಿಷಯ ನೆನಪಿರ್ಲಿ. ವಾಲೈಗೆ ಈಜುಚೀಲದ ಗಾಳೀನ ಬಾಯಿಂದ ಹೊರಗೆ ಬಿಡೋಕೆ ಆಗಲ್ಲ, ಅಷ್ಟು ಆಳದಿಂದ ಮೇಲೆ ತಂದಾಗ ಚೀಲ ಉಬ್ಬತ್ತೆ, ವಾಪಸ್ ಬಿಟ್ರೂ ಎಷ್ಟೋ ಮೀನು ಕೆಳಗಿಳಿಯೋಕಾಗದೆ ಸಾಯತ್ತೆ, ಮೇಲಿನ ನೀರು ಬಿಸಿ ಇದ್ರಂತೂ ಇನ್ನೂ ಕಷ್ಟ. ಅದಕ್ಕೇ ಅಲ್ಲಿ ಹಿಡಿದ್ರೆ, ನಿಯಮದ ಪ್ರಕಾರ ಇಟ್ಕೊಳ್ಳೋ ಸೈಜಿಂದಾದ್ರೆ, ಮನೆಗೆ ತಗೊಂಡು ಹೋಗೋದು. ಸಾಕಾದಷ್ಟು ಸಿಕ್ಮೇಲೆ ಆ ಆಳದಲ್ಲಿ ನಾನು ಲೈನ್ ಇಳಿಸಲ್ಲ, ಮೀನು ಮೇಲಿರೋ ಇನ್ನೊಂದು ಜಾಗಕ್ಕೆ ಹೋಗ್ತೀನಿ.