ತುಂಗಮ್ಮಂಗೆ ಮುಗಿದಿಲ್ಲ ಸಾರ್

“ಅದು ಮುಗಿದ ಕಥೆ ಕಣಮ್ಮ. ಮತ್ತೆ ಯಾಕೆ ಎಳೀತೀಯ?”

“ತುಂಗಮ್ಮಂಗೆ ಮುಗಿದಿಲ್ಲ ಸಾರ್.”

ಭಾನುವಾರ ಸಂಜೆ ಕೇಳಿದ ಈ ಎರಡು ಮಾತು ಇನ್ನೂ ತಲೆಯಿಂದ ಇಳಿದಿಲ್ಲ. ಅನ್ನಕ್ಕೆ ಇಟ್ಟಾಗ, ಬಸ್ಸಲ್ಲಿ ಕೂತಾಗ, ರಾತ್ರಿ ದೀಪ ಆರಿಸಿದ ಮೇಲೆ, ಅದೇ ಅದೇ.

ಚಿತ್ರದುರ್ಗದಲ್ಲಿ ನಾವು ಕೆಲವರು ಆಗಾಗ ಒಬ್ಬರ ಮನೆ ತಾರಸಿ ಮೇಲೆ ಸೇರುತ್ತೇವೆ. ಬರೆದದ್ದನ್ನು ಓದುತ್ತೇವೆ, ಜಗಳ ಆಡುತ್ತೇವೆ, ಮಂಡಕ್ಕಿ ಮೆಣಸಿನಕಾಯಿ ತಿಂದು ಮನೆಗೆ ಹೋಗುತ್ತೇವೆ. ಈ ಸಲ ಓದಿದ್ದು ಬಿ.ಎಡ್ ಮಾಡುತ್ತಿರುವ ಒಬ್ಬ ಹುಡುಗಿ. ಹೊಸಬಳು. ಅವಳ ಕಥೆ ಶುರುವಾಗುವುದು ‘ನಾಗರಹಾವು’ ಸಿನಿಮಾ ಮುಗಿದ ಮಾರನೇ ಬೆಳಿಗ್ಗೆ.

ಸಿನಿಮಾ ಮುಗಿಯುವುದು ಬೆಟ್ಟದ ಮೇಲೆ ಅಲ್ವಾ. ಶಿಷ್ಯ ರಾಮಾಚಾರಿ ಕೈಯಿಂದಲೇ ಚಾಮಯ್ಯ ಮೇಷ್ಟ್ರು ಬಿದ್ದು ಹೋಗುತ್ತಾರೆ. ಆಮೇಲೆ ರಾಮಾಚಾರಿ, ಅವನು ಪ್ರೀತಿಸಿದ ಮಾರ್ಗರೆಟ್ ಇಬ್ಬರೂ ಹಾರುತ್ತಾರೆ. ನಾವು ಕಣ್ಣೊರೆಸಿಕೊಂಡು ಎದ್ದು ಬರುತ್ತೇವೆ. ಮೇಷ್ಟ್ರ ಹೆಂಡತಿ ತುಂಗಮ್ಮ ಕೆಳಗೆ ಮನೆಯಲ್ಲೇ ಇದ್ದಾಳೆ. ಮಕ್ಕಳಿಲ್ಲದವಳು. ಗಂಡ ಹೋದ. ಮಗ ಅಂತ ಮುದ್ದು ಮಾಡಿ ಊಟಕ್ಕೆ ಬಡಿಸಿದವನೂ ಹೋದ. ಈಗ ಅವಳು ಯಾರಿಗೆ ಅಳಬೇಕು? ಗಂಡನಿಗೆ ಅತ್ತರೆ ಹುಡುಗನಿಗೆ ಶಾಪ ಹಾಕಬೇಕು. ಹುಡುಗನಿಗೆ ಅತ್ತರೆ ಊರು ಏನಂದೀತು?

ಹುಡುಗಿ ಇದನ್ನೆಲ್ಲ ಬಾಯಿ ಬಿಟ್ಟು ಹೇಳಲಿಲ್ಲ. ಅವಳ ಕಥೆಯಲ್ಲಿ ಹಿತ್ತಲ ತಂತಿ ಮೇಲೆ ಮೇಷ್ಟ್ರ ಪಂಚೆ ಇದೆ. ಹಿಂದಿನ ದಿನ ಒಗೆದು ಹಾಕಿದ್ದು. ಸೂತಕಕ್ಕೆ ಬಂದ ಪಕ್ಕದ ಮನೆಯಾಕೆ ಅದನ್ನು ತೆಗೆಯೋಕೆ ಕೈ ಚಾಚುತ್ತಾಳೆ. ತುಂಗಮ್ಮ, “ಇರ್ಲಿ ಬಿಡಿ, ಇನ್ನೂ ಹಸಿ ಐತೆ” ಅನ್ನುತ್ತಾಳೆ. ದುರ್ಗದ ಗಾಳಿಗೆ ಪಂಚೆ ಒಣಗೋಕೆ ಎಷ್ಟು ಹೊತ್ತು ಬೇಕು? ಅಲ್ಲಿ ಕೂತಿದ್ದ ನಮಗೆಲ್ಲ ಗೊತ್ತು. ಮೂರನೇ ದಿನವೂ ಆ ಪಂಚೆ ತಂತಿ ಮೇಲೇ ಇದೆ. ಯಾರು ಕೇಳಿದರೂ ತುಂಗಮ್ಮನದು ಅದೇ ಮಾತು.

ಓದಿ ಮುಗಿಸಿದ ಮೇಲೆ ಯಾರೂ ಮಾತಾಡಲಿಲ್ಲ. ಆಗ ನಮ್ಮ ಹಿರಿಯರೊಬ್ಬರು, ನಿವೃತ್ತ ಮೇಷ್ಟ್ರು, ಆ ಮಾತು ಅಂದರು. ಮುಗಿದ ಕಥೆ ಕಣಮ್ಮ ಅಂತ. ಹುಡುಗಿ ಹಾಳೆ ಮಡಚುತ್ತಿದ್ದಳು. ತಲೆ ಎತ್ತದೆ ಉತ್ತರ ಕೊಟ್ಟಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಪಾಠ ಕೇಳಿದಾಗ ಮಕ್ಕಳು ಹೇಳುತ್ತಾರಲ್ಲ, ಅಷ್ಟೇ ಸಹಜವಾಗಿ.

ಹಿರಿಯರು ಒಳ್ಳೆಯವರು. ಅವರ ಹತ್ತಿರ ಪುಸ್ತಕ ತಗೊಂಡು ಹೋಗಿ ಓದಿ ದೊಡ್ಡವರಾದ ಮಕ್ಕಳು ಈ ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ‘ನಾಗರಹಾವು’ ಕಾದಂಬರಿ ಬರೆದ ತರಾಸು ವಿಷಯ ಬಂದರೆ ಅವರಿಗೆ ಒಂದು ಅಕ್ಷರ ಆಚೆ ಈಚೆ ಆಗಬಾರದು. “ದೊಡ್ಡವರು ಕಟ್ಟಿದ ಮನೆ. ನಾವು ಒಳಗೆ ಹೋಗಿ ಗೋಡೆ ಒಡೀಬಾರದು” ಅಂದರು. ಹಾಗಂದು, ಚಾಮಯ್ಯ ಮೇಷ್ಟ್ರು ಹೇಗಿರಬೇಕು ಅಂತ ತೋರಿಸೋಕೆ ಸಿನಿಮಾದಲ್ಲಿ ಆ ಪಾತ್ರ ಮಾಡಿದ ಅಶ್ವತ್ಥ್ ಅವರ ಧ್ವನಿಯಲ್ಲೇ ಎರಡು ಮಾತು ಆಡಿದರು. ತುಂಬ ಚೆನ್ನಾಗಿ ಆಡಿದರು. ನನಗೆ ಅಲ್ಲೇ ಹೊಳೆಯಿತು. ಅವರು ಕಾಯುತ್ತಿರುವುದು ತರಾಸು ಕಟ್ಟಿದ ಮನೆಯನ್ನಲ್ಲ, ಸಿನಿಮಾ ಮಾಡಿದ ಪುಟ್ಟಣ್ಣ ಕಟ್ಟಿದ್ದನ್ನು.

1972ರ ಆ ಸಿನಿಮಾ ತರಾಸು ಅವರ ಒಂದೇ ಪುಸ್ತಕ ಇಟ್ಟುಕೊಂಡು ಮಾಡಿದ್ದಲ್ಲ. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’, ಈ ಮೂರು ಕಾದಂಬರಿ ಸೇರಿಸಿ ಪುಟ್ಟಣ್ಣ ಕಣಗಾಲ್ ಒಂದು ಕಥೆ ಹೆಣೆದರು. ಅಂದರೆ ಸಿನಿಮಾನೇ ಒಂದು ಮರುಕಥನ. ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಅಂತ ತರಾಸು ಬೇಸರ ಮಾಡಿಕೊಂಡದ್ದು ಈ ಊರಲ್ಲಿ ಇವತ್ತಿಗೂ ಓಡಾಡುವ ಮಾತು. ಬರೆದವರೇ ಒಪ್ಪದ ಮರುಕಥನವನ್ನು ನಾವು ಐವತ್ತು ವರ್ಷದಿಂದ ಎದೆಗೆ ಅಪ್ಪಿಕೊಂಡಿದ್ದೇವೆ. ನಾನೂ ಅಪ್ಪಿಕೊಂಡಿದ್ದೇನೆ, ಆ ಸಿನಿಮಾ ಅಂದರೆ ನನಗೆ ಪ್ರಾಣ. ಹಾಗಿರುವಾಗ ಒಬ್ಬ ಹುಡುಗಿ ತಂತಿ ಮೇಲಿನ ಪಂಚೆ ಬರೆದರೆ ಗೋಡೆ ಬಿತ್ತು ಅನ್ನೋದು ನ್ಯಾಯ ಅನ್ನಿಸುವುದಿಲ್ಲ.

ಹೊರಗಿನವರು ಈ ಕೆಲಸವನ್ನು ಯಾವತ್ತಿನಿಂದಲೋ ಮಾಡುತ್ತಿದ್ದಾರೆ. ಇಂಗ್ಲಿಷ್ ಕಾದಂಬರಿ ‘ಜೇನ್ ಐರ್’ ಬಂದದ್ದು 1847ರಲ್ಲಿ. ಅದರಲ್ಲಿ ಯಜಮಾನ ರೋಚೆಸ್ಟರ್‌ನ ಮೊದಲ ಹೆಂಡತಿ ಮನೆಯ ಮೇಲಂತಸ್ತಿನಲ್ಲಿ ಬಂಧಿ. ಹುಚ್ಚಿ. ಕಿರುಚುತ್ತಾಳೆ, ಬೆಂಕಿ ಇಡುತ್ತಾಳೆ, ಸಾಯುತ್ತಾಳೆ. ಅವಳ ಬಾಯಿಂದ ನಮಗೆ ಒಂದು ಮಾತೂ ಸಿಗುವುದಿಲ್ಲ. ಅವಳು ಜಮೈಕಾದಿಂದ ಬಂದವಳು. ನೂರು ವರ್ಷ ದಾಟಿದ ಮೇಲೆ, 1966ರಲ್ಲಿ, ಅದೇ ಕೆರಿಬಿಯನ್ ಸೀಮೆಯ ಡೊಮಿನಿಕಾದಲ್ಲಿ ಹುಟ್ಟಿದ ಜೀನ್ ರೀಸ್ ‘ವೈಡ್ ಸರ್ಗಾಸೋ ಸೀ’ ಬರೆದು, ಅವಳು ಹುಡುಗಿಯಾಗಿದ್ದಾಗಿನಿಂದ ಕಥೆ ಹೇಳಿದರು. ಅದನ್ನು ಓದಿದ ಮೇಲೆ ನಾನು ‘ಜೇನ್ ಐರ್’ ಮತ್ತೆ ತೆಗೆದೆ. ಮೇಲಿಂದ ಆ ನಗು ಕೇಳುವ ಪುಟಕ್ಕೆ ಬಂದಾಗ ಮುಂದೆ ಹೋಗಲಾಗದೆ ಪುಸ್ತಕ ಮುಚ್ಚಿಟ್ಟೆ. ಹಳೆಯ ಪುಸ್ತಕ ಚಿಕ್ಕದಾಗಲಿಲ್ಲ. ಅದರ ಮನೆಗೆ ಒಂದು ಕೋಣೆ ಜಾಸ್ತಿ ಆಯಿತು.

ಮೊನ್ನೆ ಮೊನ್ನೆ, 2024ರಲ್ಲಿ, ಅಮೆರಿಕದ ಪರ್ಸಿವಲ್ ಎವರೆಟ್ ಅವರ ಕಾದಂಬರಿ ‘ಜೇಮ್ಸ್’ ಬಂತು. ಮುಂದಿನ ವರ್ಷ ಪುಲಿಟ್ಜರ್ ಪ್ರಶಸ್ತಿ ಕೂಡ ಸಿಕ್ಕಿತು. ಮಾರ್ಕ್ ಟ್ವೇನ್ ಅವರ ಹಕಲ್‌ಬೆರಿ ಫಿನ್ ಜೊತೆ ತೆಪ್ಪದಲ್ಲಿ ಹೋಗುವ ಗುಲಾಮ ಜಿಮ್ ಇಲ್ಲಿ ತಾನೇ ಕಥೆ ಹೇಳುತ್ತಾನೆ. ಅವನಿಗೆ ಓದು ಬರಹ ಚೆನ್ನಾಗಿ ಬರುತ್ತದೆ. ಬಿಳಿಯರ ಎದುರು ಮಾತ್ರ ಬೇಕಂತಲೇ ಮುರುಕು ಭಾಷೆ ಆಡುತ್ತಾನೆ. ಪ್ರಾಣ ಉಳಿಯಲಿ ಅಂತ ಮಕ್ಕಳಿಗೂ ಅದನ್ನು ಕೂರಿಸಿಕೊಂಡು ಕಲಿಸುತ್ತಾನೆ. ಹಳೆಯ ಕಾದಂಬರಿಯನ್ನು ಸಾಲು ಸಾಲಾಗಿ ಜೀರ್ಣ ಮಾಡಿಕೊಂಡವನಿಗೆ ಮಾತ್ರ ಇಂಥದ್ದು ಹೊಳೆಯುತ್ತದೆ.

ಮುಂದುವರಿಸಿದ್ದೆಲ್ಲ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಅಮೆರಿಕದ ಹಳೆಯ ಕಾದಂಬರಿ ‘ಗಾನ್ ವಿತ್ ದ ವಿಂಡ್’ಗೆ 1991ರಲ್ಲಿ ‘ಸ್ಕಾರ್ಲೆಟ್’ ಅಂತ ಮುಂದಿನ ಭಾಗ ಬಂತು. ಬರೆದವರು ಬೇರೆ, ಹಕ್ಕುದಾರರ ಒಪ್ಪಿಗೆ ಇತ್ತು, ಮಾರಾಟವೂ ಚೆನ್ನಾಗಿಯೇ ಆಯಿತು. ನಾಯಕಿ ಸ್ಕಾರ್ಲೆಟ್‌ಗೆ ಬಿಟ್ಟು ಹೋದ ಗಂಡ ಮತ್ತೆ ಸಿಗಬೇಕು ಅನ್ನುವ ಓದುಗರ ಆಸೆ ತೀರಿಸಿದ ಪುಸ್ತಕ ಅದು. ಅದರಿಂದ ಹಳೆಯದರ ಒಂದು ಪುಟವೂ ಹೊಸದಾಗಿ ಕಾಣಲಿಲ್ಲ. ನನಗಂತೂ ಬೇಡ. ಇನ್ನು ಡಾನ್ ಕಿಹೋಟೆಯ ವಿಷಯ ಕೇಳಿ. ಸ್ಪೇನ್‌ನ ಲೇಖಕ ಸರ್ವಾಂಟೆಸ್ ಆ ಕಾದಂಬರಿಯ ಮೊದಲ ಭಾಗ ತಂದದ್ದು 1605ರಲ್ಲಿ. ಎರಡನೆಯದನ್ನು ಅವರೇ ಬರೆಯುತ್ತಿರುವಾಗ, 1614ರಲ್ಲಿ, ಅವೆಯನೇಡಾ ಅನ್ನುವ ಸುಳ್ಳು ಹೆಸರಲ್ಲಿ ಯಾರೋ ಮುಂದಿನ ಭಾಗ ಅಚ್ಚು ಹಾಕಿಸಿಬಿಟ್ಟರು. ಸರ್ವಾಂಟೆಸ್ ಕೆಂಡವಾದರು. ಮಾರನೇ ವರ್ಷ ಬಂದ ಅವರ ಎರಡನೇ ಭಾಗದಲ್ಲಿ ಡಾನ್ ಕಿಹೋಟೆಗೇ ಆ ಸುಳ್ಳು ಪುಸ್ತಕದ ಸುದ್ದಿ ಒಂದು ಛತ್ರದಲ್ಲಿ ಸಿಗುತ್ತದೆ. ಅದರಲ್ಲಿ ತಾನು ಜರಗೋಜಾಕ್ಕೆ ಹೋದೆ ಅಂತ ಬರೆದಿದ್ದಾರೆ ಅಂತ ಗೊತ್ತಾಗಿ, ಅಲ್ಲಿಗೆ ಹೊರಟಿದ್ದವನು ದಾರಿ ಬದಲಿಸಿ ಬಾರ್ಸಿಲೋನಾಕ್ಕೆ ಹೋಗುತ್ತಾನೆ! ನಾಲ್ಕು ನೂರು ವರ್ಷದ ಹಿಂದಿನ ಈ ಜಗಳ ನೆನೆಸಿಕೊಂಡಾಗಲೆಲ್ಲ ನನಗೆ ಖುಷಿಯಾಗುತ್ತದೆ.

ನಮ್ಮಲ್ಲಿ ಈ ಭಯ ಕಾದಂಬರಿಗೆ ಮಾತ್ರ ಯಾಕೆ? ಪುರಾಣ ಆದರೆ ಯಾರೂ ಹೀಗೆ ಕೇಳುವುದಿಲ್ಲ. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಮಂಥರೆಯನ್ನು ಮಮತೆಯ ಸುಳಿ ಅಂದರು. ಲೋಕವೆಲ್ಲ ಬೈಯುವ ಆ ಮುದುಕಿಯಲ್ಲಿ ತಾಯಿ ಕರುಳು ಕಂಡರು. ನಾವು ತಲೆಬಾಗಿ ಓದಿದೆವು. ಭೈರಪ್ಪ 1979ರಲ್ಲಿ ‘ಪರ್ವ’ ಬರೆದು ಕುಂತಿ, ದ್ರೌಪದಿಯರಿಗೆ ಮನುಷ್ಯರ ಮೈ ಕೊಟ್ಟರು. ನಮ್ಮ ದುರ್ಗದಲ್ಲೇ ನೋಡಿ, ಮದಕರಿನಾಯಕನ ಬಗ್ಗೆ ತರಾಸು ‘ದುರ್ಗಾಸ್ತಮಾನ’ ಬರೆದ ಮೇಲೆ ಬಿ.ಎಲ್. ವೇಣು ಕೂಡ ಬರೆದರು. ವ್ಯಾಸರ ಮನೆಗೆ ನುಗ್ಗಬಹುದು, ಇತಿಹಾಸದ ಕೋಟೆಗೆ ನುಗ್ಗಬಹುದು, ಹೋದ ಶತಮಾನದ ಕಾದಂಬರಿ ಬಾಗಿಲಲ್ಲಿ ಮಾತ್ರ ಚಪ್ಪಲಿ ಬಿಟ್ಟು ಕೈಮುಗಿದು ವಾಪಸ್ ಬರಬೇಕಾ? ‘ಸಂಸ್ಕಾರ’ದ ಚಂದ್ರಿ ಆಮೇಲೆ ಎಲ್ಲಿ ಹೋದಳು ಅಂತ ನಾನು ಎಷ್ಟು ಸಲ ಯೋಚಿಸಿದ್ದೇನೆ. ‘ಚೋಮನ ದುಡಿ’ಯ ಬೆಳ್ಳಿ ಅಪ್ಪ ಸತ್ತ ಮೇಲೆ ಏನು ಮಾಡಿದಳು? ಇವರ ಬಗ್ಗೆ ಓದುವ ಆಸೆ ನನಗಿದೆ. ಬರೆಯುವವರು ಹೆದರಿ ಕೂತರೆ ಅದು ನಮಗೇ ನಷ್ಟ.

ಕಾಯ್ದೆಯ ಮಾತು ಬೇರೆ. ಅದನ್ನು ಹುಡುಗಿಗೂ ಹೇಳಿದೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ತರಾಸು ಹೋದದ್ದು 1984ರಲ್ಲಿ, ಹಾಗಾಗಿ 2044ರ ಕೊನೆಯವರೆಗೂ. ಪುಸ್ತಕ ಮಾಡುವ ಹೊತ್ತಿಗೆ ಒಪ್ಪಿಗೆ ಕೇಳಲೇಬೇಕು, ಕೇಳು ಅಂದೆ. ಬರೆಯೋಕೆ ಮಾತ್ರ ಅಲ್ಲಿವರೆಗೆ ಕಾಯಬೇಡ ಅಂದೆ.

ಅವಳಿಗೆ ಆ ಚಿಂತೆ ಇದ್ದ ಹಾಗೆ ಕಾಣಲಿಲ್ಲ. ಮೆಟ್ಟಿಲು ಇಳಿಯುವಾಗ ಕೇಳಿದ್ದು ಬೇರೆಯೇ. “ಮೇಡಂ, ಹದಿಮೂರನೇ ದಿನ ತುಂಗಮ್ಮ ರಾಮಾಚಾರಿಗೂ ಒಂದು ಎಲೆ ಹಾಕ್ತಾಳಾ?”

ನಾನು ಹಾಕಲ್ಲ ಅಂದೆ. ಗಂಡನನ್ನು ಕಳೆದುಕೊಂಡವಳು, ಅಷ್ಟು ಬೇಗ ಹೇಗೆ ಸಾಧ್ಯ? ಹಿಂದೆ ಬರುತ್ತಿದ್ದ ಹಿರಿಯರು ಮೆಟ್ಟಿಲ ಮೇಲೇ ನಿಂತುಬಿಟ್ಟರು. “ಹಾಕ್ತಾಳೆ. ಮೇಷ್ಟ್ರು ಇದ್ದಿದ್ರೆ ಹಾಕು ಅಂತಿದ್ರು. ಅವಳಿಗೆ ಅದು ಗೊತ್ತಿಲ್ವಾ?” ಅಂದರು. ನಾನು ಬಿಡಲಿಲ್ಲ, ಅವರೂ ಬಿಡಲಿಲ್ಲ. ಬೀದಿ ತುದಿವರೆಗೂ ವಾದ ಮಾಡಿಕೊಂಡೇ ಹೋದೆವು. ಹುಡುಗಿ ನಡುವೆ ನಡೆಯುತ್ತಾ ಇಬ್ಬರದೂ ಕೇಳಿಸಿಕೊಂಡಳು, ತಾನು ಏನು ಬರೆಯುತ್ತೇನೆ ಅಂತ ಮಾತ್ರ ಹೇಳಲಿಲ್ಲ.